ದಣಿದ ಮೈಯ ತುತ್ತಿಗೆ ಲೆಕ್ಕ ಬರೆಯುವವರು

‘ವ್ಯಾಯಾಮದಲ್ಲಿ ಸುಟ್ಟ ಕ್ಯಾಲೊರಿಯನ್ನು ಮತ್ತೆ ತಿನ್ನಬೇಡಿ.’ ತೂಕ ಇಳಿಸಲು ಹೊರಟವರಿಗೆ ಈಗ ಎಲ್ಲ ದಿಕ್ಕಿನಿಂದಲೂ ಬರುತ್ತಿರುವ ಉಪದೇಶ ಇದು. ಜಿಮ್ಮಿನ ಕೋಚ್ ಹೇಳುತ್ತಾನೆ, ಮೊಬೈಲಿನ ರೀಲ್ಸ್ ಹೇಳುತ್ತವೆ, ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟುವ ಡಯೆಟ್ ಚಾರ್ಟುಗಳು ಹೇಳುತ್ತವೆ. ಒಂದು ಗಂಟೆ ಓಡಿದಿರಾ? ಭೇಷ್. ಹಸಿವಾಗುತ್ತಿದೆಯಾ? ನೀರು ಕುಡಿದು ಮಲಗಿ. ಓಡಿದ್ದಕ್ಕೆ ಉಂಡರೆ ಓಡಿದ್ದು ನೀರಿನಲ್ಲಿ ಹೋಮ.

ಕೇಳುವುದಕ್ಕೆ ಎಷ್ಟು ಅಚ್ಚುಕಟ್ಟು! ನನ್ನ ತಕರಾರು ಇರುವುದು ಈ ಅಚ್ಚುಕಟ್ಟಿನ ಮೇಲೆಯೇ. ಯಾರಿಗೆ, ಎಷ್ಟು ದುಡಿದವರಿಗೆ, ದಿನಕ್ಕೆ ಎಷ್ಟು ಉಣ್ಣುವವರಿಗೆ ಎಂದು ಕೇಳದೆ ಹೇಳುವ ಈ ಮಾತು ಅರ್ಧ ಊರಿಗೆ ಮದ್ದು, ಇನ್ನರ್ಧ ಊರಿಗೆ ವಿಷ. ವಿಷವಾಗುವುದು ಯಾರಿಗೆ ಎಂದು ನೋಡಿದರೆ, ಮೊದಲೇ ಕಡಿಮೆ ಉಣ್ಣುವವರಿಗೆ.

ನಾನು ಇರುವುದು ನಂಜನಗೂಡಿನಲ್ಲಿ, ಕನ್ನಡ ಪಾಠ ಹೇಳುವುದು ತಿರುಮಕೂಡಲು ನರಸೀಪುರದಲ್ಲಿ. ಎರಡೂ ಕಪಿಲೆಯ ದಡದ ಊರುಗಳು. ಇಲ್ಲಿ ಶ್ರೀಕಂಠೇಶ್ವರನ ಗುಡಿಯ ಮುಂದೆ ಹರಿಯುವ ಹೊಳೆ ಅಲ್ಲಿ ಹೋಗಿ ಕಾವೇರಿಯನ್ನು ಕೂಡುತ್ತದೆ. ಕ್ಯಾಲೊರಿಯ ವಿಷಯ ಕನ್ನಡ ಮೇಡಂಗೆ ಯಾಕೆ ಎಂದು ಕೇಳುವವರಿದ್ದಾರೆ. ಆ ವಿಷಯ ನನ್ನ ತರಗತಿಯ ಬೆಂಚಿಗೇ ಬಂದು ಕೂತಿದೆ, ಅದಕ್ಕೆ. ಮಧ್ಯಾಹ್ನ ಡಬ್ಬಿ ತೆರೆಯದ ಹುಡುಗಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಮೊದಲೆಲ್ಲ ಡಬ್ಬಿ ಇಲ್ಲದಿದ್ದರೆ ಮನೆಯಲ್ಲಿ ಏನೋ ತಾಪತ್ರಯ ಎಂದುಕೊಳ್ಳುತ್ತಿದ್ದೆ. ಈಗ ಕಾರಣ ಬೇರೆ. “ಬೆಳಿಗ್ಗೆ ಗ್ರೌಂಡಲ್ಲಿ ಮುನ್ನೂರು ಕ್ಯಾಲೊರಿ ಬರ್ನ್ ಮಾಡಿದೀನಿ ಮೇಡಂ, ಈಗ ತಿಂದ್ರೆ ಅದು ವಾಪಸ್ ಬಂದ್ಬಿಡುತ್ತೆ” ಎಂದಳು ಒಬ್ಬಳು. ದುಡ್ಡು ಕಳೆದುಕೊಂಡವಳ ಆತಂಕ ಅವಳ ಮುಖದಲ್ಲಿತ್ತು. ಹಸಿವಿಗೆ ಅಷ್ಟು ಹೆದರುವವರನ್ನು ಈ ಸೀಮೆಯಲ್ಲಿ ನಾನು ಮೊದಲು ಕಂಡಿರಲಿಲ್ಲ.

ಎದುರಾಳಿಯ ಮಾತಿನಲ್ಲಿ ಸತ್ಯವಿರುವಷ್ಟನ್ನು ಮೊದಲು ಒಪ್ಪಿಬಿಡೋಣ. ಸತ್ಯ ಇದೆ, ಸಾಕಷ್ಟೇ ಇದೆ.

ಕೈಗೆ ಕಟ್ಟಿಕೊಳ್ಳುವ ಗಡಿಯಾರಗಳು ಸುಳ್ಳು ಹೇಳುತ್ತವೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷೆಗೆ ಹಚ್ಚಿದರು. ಎದೆಬಡಿತ ಎಣಿಸುವುದರಲ್ಲಿ ಬಹುಪಾಲು ಸಾಧನಗಳು ಜಾಣ. ಕ್ಯಾಲೊರಿ ಎಣಿಸುವುದರಲ್ಲಿ ಎಲ್ಲವೂ ದಡ್ಡ. ಅವುಗಳಲ್ಲಿ ಅತ್ಯುತ್ತಮವಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಅತಿ ಕೆಟ್ಟದ್ದು ಶೇ. 93ರಷ್ಟು. ತಕ್ಕಡಿಯಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ನಂಜನಗೂಡಿನ ಸಂತೆಯಲ್ಲಿ ಯಾರೂ ಈರುಳ್ಳಿ ಕೊಳ್ಳುವುದಿಲ್ಲ.

ಇನ್ನೊಂದು ಮೋಸ ಸ್ವಲ್ಪ ಸೂಕ್ಷ್ಮ. ಸುಮ್ಮನೆ ಕೂತಿದ್ದರೂ ದೇಹ ಕ್ಯಾಲೊರಿ ಖರ್ಚು ಮಾಡುತ್ತಲೇ ಇರುತ್ತದೆ. ಅರವತ್ತು ಕಿಲೊ ತೂಕದವರು ಸಾಧಾರಣ ವೇಗದಲ್ಲಿ ಅರ್ಧ ಗಂಟೆ ನಡೆದರೆ ಸುಮಾರು 105 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ 30 ಕ್ಯಾಲೊರಿ ಅವರು ಮನೆಯಲ್ಲಿ ಕಾಲು ಚಾಚಿ ಕೂತಿದ್ದರೂ ಹೋಗುತ್ತಿತ್ತು. ನಡೆದದ್ದಕ್ಕೆ ಸಿಕ್ಕ ಹೆಚ್ಚುವರಿ ಬರೀ 75. ಒಂದು ಉದ್ದಿನ ವಡೆಗೂ ಅದು ಸಾಲದು. ಸಂಜೆ ಹೊಳೆ ದಡದ ತನಕ ವಾಕ್ ಹೋಗಿ, ಬರುವಾಗ ಹೋಟೆಲಿನಲ್ಲಿ ಕೂತು ‘ಇವತ್ತು ಚೆನ್ನಾಗಿ ನಡೆದಿದ್ದೀವಿ’ ಎಂದು ಮಸಾಲೆ ದೋಸೆ ತರಿಸುವ ನಮ್ಮ ನಿವೃತ್ತ ಮಿತ್ರರಿಗೆ ‘ನಡೆದದ್ದನ್ನು ಮರಳಿ ತಿನ್ನಬೇಡಿ’ ಎನ್ನುವುದು ನ್ಯಾಯವಾದ ಮಾತು. ಅವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಇದಕ್ಕಿಂತ ದೊಡ್ಡ ಸಾಕ್ಷಿಯೂ ಅವರ ಪರವಾಗಿದೆ. ಟಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದಿನದ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ ದಿನವೆಲ್ಲ ಅಲೆಯುವ ಹಾಡ್ಜಾಗಳ ಖರ್ಚೂ ಕುರ್ಚಿಯಲ್ಲಿ ಕೂರುವ ಪಶ್ಚಿಮದವರ ಖರ್ಚೂ ಹೆಚ್ಚುಕಡಿಮೆ ಒಂದೇ! ವ್ಯಾಯಾಮ ಹೆಚ್ಚಾದಷ್ಟೂ ದೇಹ ಬೇರೆ ಕಡೆ ಉಳಿತಾಯ ಮಾಡಿ ಒಟ್ಟು ಖರ್ಚನ್ನು ಹಿಡಿತದಲ್ಲಿಡುತ್ತದೆ ಎಂಬುದು ಪಾಂಟ್ಜರ್ ವಾದ. ‘ನೋಡಿದಿರಾ, ಓಡಿದ್ದಕ್ಕೆಲ್ಲ ಊಟ ಬೇಕಾಗಿಲ್ಲ’ ಎಂದು ಚಾರ್ಟಿನವರು ಇದನ್ನೇ ಎತ್ತಿ ಹಿಡಿಯುತ್ತಾರೆ.

ನಾನು ಕೇಳುವುದು ಒಂದೇ ಪ್ರಶ್ನೆ. ಬೇರೆ ಕಡೆ ಉಳಿತಾಯ ಎಂದರೆ ಎಲ್ಲಿ? ಮನೆಯ ಯಜಮಾನ ಬಸ್ ಚಾರ್ಜಿಗೆ ದುಡ್ಡು ಸಾಲದೆ ಹಾಲು ನಿಲ್ಲಿಸಿದರೂ ಅದು ಉಳಿತಾಯವೇ. ಲೆಕ್ಕದ ಪುಸ್ತಕ ಸರಿಹೋಗುತ್ತದೆ, ಮಗು ಸೊರಗುತ್ತದೆ. ದೇಹ ಯಾವ ಹಾಲನ್ನು ನಿಲ್ಲಿಸುತ್ತದೆ ಎಂಬುದು ಮುಂದೆ ಬರುತ್ತದೆ. ಅದಕ್ಕೆ ಮೊದಲು, ಚಾರ್ಟಿನ ಮೂಲ ಲೆಕ್ಕದಲ್ಲಿರುವ ತಪ್ಪನ್ನು ನೋಡಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಭಾರತೀಯರಿಗೆ ದಿನಕ್ಕೆಷ್ಟು ಆಹಾರ ಬೇಕೆಂದು ಹೊಸ ಪಟ್ಟಿ ಕೊಟ್ಟವು. 55 ಕಿಲೊ ತೂಕದ ಹೆಂಗಸು ಕೂತು ಕೆಲಸ ಮಾಡುವವಳಾದರೆ 1660 ಕ್ಯಾಲೊರಿ. ಮಧ್ಯಮ ದುಡಿಮೆಯವಳಾದರೆ 2130. ಕಷ್ಟದ ದುಡಿಮೆಯವಳಾದರೆ 2720. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ 1060 ಕ್ಯಾಲೊರಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಮುನ್ನೂರಿಪ್ಪತ್ತರ ಆಸುಪಾಸು ಇರುತ್ತದೆ, ಅಂದರೆ ಮೂರು ದೊಡ್ಡ ಮುದ್ದೆ. ದುಡಿದವಳಿಗೆ ದುಡಿದಷ್ಟು ತುತ್ತು ಮರಳಿ ಕೊಡಬೇಕೆಂದು ದೇಶದ ಅಧಿಕೃತ ಪುಸ್ತಕವೇ ಬರೆದಿಟ್ಟಿದೆ. ‘ಸುಟ್ಟದ್ದನ್ನು ತಿನ್ನಬೇಡಿ’ ಎನ್ನುವವರು ಈ ಪಟ್ಟಿಯ ಮೊದಲ ಸಾಲನ್ನು ಮಾತ್ರ ಓದಿದವರು.

ಆ್ಯಪಿನೊಳಗೆ ಆಗುವುದೂ ಅದೇ. ಅದು ಕೇಳುತ್ತದೆ: ನೀವೇನು ಮಾಡುತ್ತೀರಿ? ನನ್ನ ವಿದ್ಯಾರ್ಥಿನಿ ಒತ್ತುತ್ತಾಳೆ: ಸ್ಟೂಡೆಂಟ್. ಹಾಗಾದರೆ ಕೂತು ಕೆಲಸ ಮಾಡುವವಳು ಎಂದು ಅದು ತೀರ್ಮಾನಿಸುತ್ತದೆ. ಆ ಹುಡುಗಿ ಐದಕ್ಕೆ ಎದ್ದು ಕೊಟ್ಟಿಗೆ ಬಾಚಿ, ನೀರು ಹೊತ್ತು, ಬಸ್ ಸ್ಟಾಪಿಗೆ ಒಂದೂವರೆ ಮೈಲಿ ನಡೆದು, ಬಸ್ಸಿನಲ್ಲಿ ನಿಂತೇ ಬಂದಿರುತ್ತಾಳೆ. ಕೊಟ್ಟಿಗೆಗೆ ಆ್ಯಪಿನಲ್ಲಿ ಗುಂಡಿ ಇಲ್ಲ. ಆಮೇಲೆ 1660ರಲ್ಲಿ ತೂಕ ಇಳಿಸಲು ಐನೂರು ಕಳೆದು, ಉಳಿದದ್ದನ್ನು 1200 ಎಂದು ದುಂಡಗೆ ಮಾಡಿ ಕೈಗೆ ಕೊಡುತ್ತದೆ. ಸಂಜೆ ಗ್ರೌಂಡಿನಲ್ಲಿ ಇನ್ನೂ ಮುನ್ನೂರು ಹೋಗುತ್ತದೆ. ಅದನ್ನು ತಿನ್ನಕೂಡದು. ಉಳಿದದ್ದು 900. ಗುಂಡಿಗೆ ಬಡಿಯಲು, ಮೆದುಳು ಪಾಠ ಕೇಳಲು, ಮೂಳೆ ಗಟ್ಟಿಯಾಗಲು, ಎಲ್ಲಕ್ಕೂ ಸೇರಿ 900.

ಇಲ್ಲಿರುವ ಮೂಲ ಸೂತ್ರ ಸರಳ. ನಿಮ್ಮ ದಿನದ ಅಂಕಿಯಲ್ಲಿ ದುಡಿಮೆ, ವ್ಯಾಯಾಮ ಎಲ್ಲ ಮೊದಲೇ ಸೇರಿದ್ದರೆ ಮತ್ತೆ ತಿನ್ನುವುದು ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಪಡೆದ ಹಾಗೆ. ಆ ಅಂಕಿ ಸುಮ್ಮನೆ ಕೂತವಳಿಗೆ ಹಾಕಿದ್ದಾದರೆ, ತಿನ್ನದಿರುವುದು ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ಕಟ್ಟಿದ ಹಾಗೆ. ಮೊದಲ ಸಲ ಊಟದಲ್ಲಿ ಕಡಿತ, ಎರಡನೆಯ ಸಲ ಬೆವರಿನಲ್ಲಿ ಕಡಿತ. ‘ತಿನ್ನಬೇಕೇ, ಬೇಡವೇ’ ಎಂಬ ಜಗಳಕ್ಕಿಳಿಯುವ ಮೊದಲು ‘ಈ ಅಂಕಿಯಲ್ಲಿ ಏನೇನು ಸೇರಿದೆ’ ಎಂದು ಕೇಳಬೇಕು. ಆ ಪ್ರಶ್ನೆಯನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲ.

1200 ಎಂಬ ಅಂಕಿ ಎಷ್ಟು ಕಡಿಮೆ ಎಂದು ತಿಳಿಯಲು ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. ಎರಡನೇ ಮಹಾಯುದ್ಧದ ಕೊನೆಯ ದಿನಗಳು, 1944–45. ಯುರೋಪಿನಲ್ಲಿ ಹಸಿದು ಬಿದ್ದ ಜನಕ್ಕೆ ಹೇಗೆ ಉಣಿಸಿ ಎಬ್ಬಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಎಲ್ಲರೂ ತಾವಾಗಿಯೇ ಒಪ್ಪಿ ಬಂದವರು. ದಿನಕ್ಕೆ ಸುಮಾರು 1570 ಕ್ಯಾಲೊರಿ ಊಟ, ವಾರಕ್ಕೆ 22 ಮೈಲಿ ಕಡ್ಡಾಯ ನಡಿಗೆ. ನಡೆದದ್ದಕ್ಕೆ ಮರಳಿ ತುತ್ತು ಇಲ್ಲ. ಅವರ ತೂಕದ ಕಾಲುಭಾಗ ಕರಗಿತು. ಜೊತೆಗೆ ಉತ್ಸಾಹ, ನಗು, ಗೆಳೆತನವೂ ಕರಗಿದವು. ಅಡುಗೆ ಪುಸ್ತಕಗಳನ್ನು ಓದುತ್ತಾ ಕೂತರು, ಕನಸಿನಲ್ಲೂ ಊಟವನ್ನೇ ಕಂಡರು, ಮೆಟ್ಟಿಲು ಹತ್ತಲು ಸೋತರು. ಆ ಪ್ರಯೋಗಕ್ಕೆ ಜಗತ್ತು ಕೊಟ್ಟ ಹೆಸರು ‘ಮಿನೆಸೋಟ ಉಪವಾಸ ಪ್ರಯೋಗ’. ಅವರು ಗಂಡಸರು, ನಮ್ಮ ಹುಡುಗಿಯರಿಗಿಂತ ದೊಡ್ಡ ಮೈಯವರು, ಅವರಿಗೆ ಬೇಕಾದದ್ದೂ ಹೆಚ್ಚು, ನಿಜ. ಆದರೂ ವಿಜ್ಞಾನ ಹಸಿವಿನ ಪ್ರಯೋಗ ಎಂದು ಕರೆದದ್ದನ್ನೇ ಸಣ್ಣ ಅಳತೆಯಲ್ಲಿ ನಾವು ‘ಫಿಟ್‌ನೆಸ್ ಪ್ಲಾನ್’ ಎಂದು ಮಾರುತ್ತಿದ್ದೇವೆ.

ಈಗ ದೇಹದ ಉಳಿತಾಯದ ಮಾತಿಗೆ ಬರೋಣ. ವ್ಯಾಯಾಮದ ಖರ್ಚು ಕಳೆದ ಮೇಲೆ ದೇಹದ ಉಳಿದ ಕೆಲಸಗಳಿಗೆ ಎಷ್ಟು ಶಕ್ತಿ ಮಿಕ್ಕಿತು ಎಂಬುದನ್ನು ಕ್ರೀಡಾವೈದ್ಯರು ಲೆಕ್ಕ ಹಾಕುತ್ತಾರೆ. ಕೊಬ್ಬು ಬಿಟ್ಟು ಉಳಿದ ತೂಕದ ಪ್ರತಿ ಕಿಲೊಗೆ 45 ಕ್ಯಾಲೊರಿ ಮಿಕ್ಕರೆ ಕ್ಷೇಮ. ಅದು 30ಕ್ಕಿಂತ ಕೆಳಗಿಳಿದರೆ ಹೆಣ್ಣುಮಕ್ಕಳಲ್ಲಿ ಮುಟ್ಟನ್ನು ನಡೆಸುವ ಹಾರ್ಮೋನುಗಳ ತಾಳ ತಪ್ಪಲು ಐದೇ ದಿನ ಸಾಕು ಎಂದು ಆ್ಯನ್ ಲೌಕ್ಸ್ ಅವರ ಪ್ರಯೋಗಗಳು ತೋರಿಸಿದವು. 30 ಎಂಬುದು ಎಲ್ಲರಿಗೂ ಒಂದೇ ಆದ ಗೆರೆಯಲ್ಲ, ಆದರೆ ಎಚ್ಚರಿಕೆಯ ಗಂಟೆಯಂತೂ ಹೌದು. ನನ್ನ ತರಗತಿಯ ಒಬ್ಬ ಹುಡುಗಿಯ ಲೆಕ್ಕ ಹಾಕಿ ನೋಡಿ. ತೂಕ 50 ಕಿಲೊ, ಕೊಬ್ಬು ಕಾಲುಭಾಗ ಎಂದಿಟ್ಟುಕೊಳ್ಳೋಣ. ಉಳಿದದ್ದು 37.5 ಕಿಲೊ. 1200 ತಿಂದು 300 ಕಳೆದರೆ 900. ಭಾಗಿಸಿದರೆ 24. ಗಂಟೆ ಹೊಡೆದು ಆಗಿದೆ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರಿಟ್ಟಿತು. ಇಂಗ್ಲಿಷಿನ ಉದ್ದ ಹೆಸರನ್ನು ಚಿಕ್ಕದು ಮಾಡಿ ‘ರೆಡ್-ಎಸ್’ ಎನ್ನುತ್ತಾರೆ. ದುಡಿದಷ್ಟಕ್ಕೆ ಉಣ್ಣದ ಮೈಯಲ್ಲಿ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಮನಸ್ಸು ಕುಸಿಯುತ್ತದೆ. ಗಂಡುಮಕ್ಕಳೂ ಇದರಿಂದ ಹೊರತಲ್ಲ. ಪಾಂಟ್ಜರ್ ಹೇಳಿದ ಉಳಿತಾಯ ಅರೆಹೊಟ್ಟೆಯ ಮೈಯಲ್ಲಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದೇ ಉತ್ತರ. ಹಾಡ್ಜಾಗಳಾದರೋ ತಮಗೆ ಖರ್ಚಾದಷ್ಟನ್ನು ಉಣ್ಣುತ್ತಾರೆ. ಅಷ್ಟು ಅಲೆದು, ಅದರ ಮೇಲೆ ಡಯೆಟ್ ಮಾಡು ಎಂದು ಅವರಿಗೆ ಯಾರೂ ಹೇಳಿಲ್ಲ.

ಇದು ದೂರದ ಒಲಿಂಪಿಕ್ಸಿನ ಮಾತು ಎನ್ನಬೇಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲಿನಲ್ಲಿ ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅಂದಿನಿಂದ ನಮ್ಮ ಊರುಗಳ ಶಾಲೆ ಬಯಲುಗಳಲ್ಲಿ ಕಂಬಗಳ ಮಧ್ಯೆ ಕೂತು ‘ಖೋ’ ಎಂದು ಚಿಮ್ಮುವ ಹುಡುಗಿಯರ ಕಣ್ಣಿನಲ್ಲಿ ಒಂದು ಹೊಸ ಬೆಳಕು ಕಾಣುತ್ತಿದೆ. ಅದೇ ಹುಡುಗಿಯರ ಮೊಬೈಲಿನಲ್ಲಿ ಆ ಚಾರ್ಟೂ ಇದೆ. ಖೊಖೊ ಎಂದರೆ ಕೂತಲ್ಲಿಂದ ಚಿರತೆಯ ಹಾಗೆ ನೆಗೆಯುವ ಆಟ. ತೊಡೆಯಲ್ಲಿ ಕಸುವಿಲ್ಲದೆ ಅದು ಆಗದು, ಕಸುವು ಗಾಳಿಯಿಂದ ಬರುವುದಿಲ್ಲ. ಆಡಿ ಬಂದ ಹುಡುಗಿಗೆ ‘ಉಣ್ಣಬೇಡ’ ಎನ್ನುವವನಿಗೆ ಆಟವೂ ಗೊತ್ತಿಲ್ಲ, ಮೈಯೂ ಗೊತ್ತಿಲ್ಲ.

ಊಟದ ಈ ಲೆಕ್ಕ ನಮ್ಮ ಮನೆಗಳೊಳಗೆ ಹೇಗೆ ಹಂಚಿಹೋಗಿದೆ ಎಂಬುದನ್ನೂ ಹೇಳಬೇಕು. ಇಡೀ ಜಗಳದ ತಿರುಳು ನನಗೆ ಕಾಣುವುದು ಅಲ್ಲಿಯೇ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬುದು ನಮ್ಮ ಸೀಮೆಯ ಗಾದೆ. ಗಾದೆಯಲ್ಲಿ ಹಿಟ್ಟೂ ಇದೆ, ಬೆಟ್ಟವೂ ಇದೆ. ನೇಗಿಲು ಹಿಡಿದು ದಿನವಿಡೀ ಕೆಸರುಗದ್ದೆಯಲ್ಲಿ ನಡೆದವನಿಗೆ ಮೂರು ಮುದ್ದೆ, ಬಸ್ಸಾರು, ಮೇಲೆ ಅನ್ನ ಮಜ್ಜಿಗೆ ಹೆಚ್ಚೇನೂ ಅಲ್ಲ. ಈಗ ಗದ್ದೆಗೆ ಟ್ರ್ಯಾಕ್ಟರ್ ಬಂತು, ಕುಯಿಲಿಗೆ ಯಂತ್ರ ಬಂತು, ಮನೆಯಿಂದ ಟೀ ಅಂಗಡಿಗೆ ಹೋಗಲೂ ಬೈಕು ಬಂತು. ಬೆಟ್ಟ ಹೋಯಿತು, ಹಿಟ್ಟು ಉಳಿಯಿತು. ಅಪ್ಪ ದಣಿದದ್ದಕ್ಕೆ ಮಗ ಇವತ್ತಿಗೂ ಉಣ್ಣುತ್ತಿದ್ದಾನೆ. ನಲವತ್ತಕ್ಕೇ ಸಕ್ಕರೆ ಕಾಯಿಲೆ, ಐವತ್ತಕ್ಕೆ ಎದೆಗೆ ಸ್ಟೆಂಟು. ತಾನು ಸುಡದ ಕ್ಯಾಲೊರಿಯನ್ನು ಮರಳಿ ತಿನ್ನುತ್ತಿರುವ ಇವನಿಗೆ ಬೇಕು ಆ ಚಾರ್ಟು.

ಅದೇ ಮನೆಯ ಹೆಂಗಸರನ್ನು ನೋಡಿ. ಟ್ರ್ಯಾಕ್ಟರ್ ಉತ್ತುಹೋದ ಗದ್ದೆಗೆ ಬಗ್ಗಿ ನಾಟಿ ಹಾಕುವವರು ಇವತ್ತಿಗೂ ಹೆಚ್ಚಾಗಿ ಅವರೇ. ಕಳೆ ಕೀಳುವವರು ಅವರೇ. ರೇಷ್ಮೆ ಗೂಡಿನಿಂದ ನೂಲು ಬಿಚ್ಚಲು ಬಿಸಿನೀರಿನ ಹಬೆಯ ಮುಂದೆ ನಿಲ್ಲುವವರಲ್ಲಿ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಂದು ಮತ್ತೆ ಒಲೆ ಹಚ್ಚುವವರಲ್ಲಿ ಎಷ್ಟೋ ಜನ ಅವರೇ. ಉಣ್ಣುವುದು ಎಲ್ಲರದೂ ಆದ ಮೇಲೆ. ಸಾರಿನಲ್ಲಿ ಕಾಳು ಮಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಬರೀ ಕಟ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ. 30ರಷ್ಟು ಹೆಂಗಸರ ತೂಕ ಹೆಚ್ಚು, ಸುಮಾರು ಶೇ. 17ರಷ್ಟು ಹೆಂಗಸರ ತೂಕ ತೀರಾ ಕಡಿಮೆ. ಒಂದೇ ಬೀದಿಯಲ್ಲಿ, ಕೆಲವು ಸಲ ಒಂದೇ ಮೈಯಲ್ಲಿ, ದಪ್ಪವೂ ರಕ್ತಹೀನತೆಯೂ ಒಟ್ಟಿಗೆ ಇವೆ.

ಇಂಥ ಕಡೆ ‘ದುಡಿದದ್ದಕ್ಕೆ ಉಣ್ಣಬೇಡ’ ಎಂಬ ಮಾತು ಬಂದು ಬಿದ್ದರೆ ಅದನ್ನು ಪಾಲಿಸುವವರು ಯಾರು? ಮೂರು ಮುದ್ದೆಯ ಗಂಡಸಲ್ಲ. ಅವನು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಾನೆ. ಪಾಲಿಸುವವಳು ಅವನ ಮಗಳು. ಕಡಿಮೆ ಉಣ್ಣುವುದು ಒಳ್ಳೆಯ ಹೆಣ್ಣಿನ ಗುಣ ಎಂದು ಅಜ್ಜಿಯ ಕಾಲದಿಂದ ಕೇಳಿಕೊಂಡು ಬಂದವಳು. ಈಗ ಅದನ್ನೇ ಇಂಗ್ಲಿಷಿನಲ್ಲಿ ಮೊಬೈಲೂ ಹೇಳುತ್ತಿದೆ. ಹಳೆಯ ಅನ್ಯಾಯಕ್ಕೆ ಹೊಸ ಅಂಗಿ ತೊಡಿಸಿ ಅದನ್ನು ವಿಜ್ಞಾನ ಎಂದರೆ ಸುಮ್ಮನಿರಲು ನನ್ನಿಂದ ಆಗದು.

ಇನ್ನು ಈ ಉಪದೇಶದ ಹಿಂದಿರುವ ನೀತಿ. ತುತ್ತನ್ನು ಗಳಿಸಬೇಕು, ಗಳಿಸಿದರೂ ತಿನ್ನಬಾರದು, ತಿಂದರೆ ಮರುದಿನ ಓಡಿ ದಂಡ ಕಟ್ಟಬೇಕು. ಇದರಲ್ಲಿ ಊಟ ಅಪರಾಧ, ವ್ಯಾಯಾಮ ಶಿಕ್ಷೆ. ನಮ್ಮಲ್ಲೂ ಉಪವಾಸಗಳಿವೆ. ನಂಜುಂಡೇಶ್ವರನ ಹೆಸರಿನಲ್ಲಿ ಸೋಮವಾರ ಒಪ್ಪೊತ್ತು ಮಾಡುವ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇವೆ. ಆದರೆ ಒಪ್ಪೊತ್ತಿಗೆ ಮಂಗಳವಾರ ಎಂಬುದಿದೆ, ಏಕಾದಶಿಗೆ ದ್ವಾದಶಿಯ ಪಾರಣೆ ಎಂಬುದಿದೆ. ಪಾರಣೆಯೇ ಇಲ್ಲದ ಏಕಾದಶಿಯನ್ನು ಯಾವ ಪಂಚಾಂಗವೂ ಹೇಳಿಲ್ಲ, ಡಯೆಟ್ ಚಾರ್ಟು ಹೇಳುತ್ತಿದೆ. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆದು ಬೆವರಿದ ಜನಕ್ಕೆ ಪಾನಕ ಮಜ್ಜಿಗೆ ಕೊಡುವವರು ನೀನೆಷ್ಟು ಮಾರು ಎಳೆದೆ ಎಂದು ಕೇಳುವುದಿಲ್ಲ. ಸುತ್ತೂರಿನ ಜಾತ್ರೆಯ ದಾಸೋಹದಲ್ಲಿ ಎಲೆಯ ಮುಂದೆ ಕೂತವನ ಕೈಗಡಿಯಾರ ನೋಡಿ ಯಾರೂ ಬಡಿಸುವುದಿಲ್ಲ. ಗದ್ದೆಗೆ ಆಳು ಕರೆದವರು ಕೂಲಿಯ ಜೊತೆಗೆ ಹಿಟ್ಟನ್ನೂ ಕೊಡುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಯಾರು ಎಲ್ಲಿ ಕೂತು ಉಣ್ಣಬೇಕು ಎಂಬ ಕೊಳಕು ಜಾತಿಲೆಕ್ಕವೂ ಇತ್ತು, ಅದನ್ನು ನಾನು ಹೊಗಳಲಾರೆ. ಆದರೂ ದಣಿದವರಿಗೆ ಹಸಿವಾಗುತ್ತದೆ ಎಂಬ ಒಂದು ವಿಷಯದಲ್ಲಿ ಅವರಿಗೆ ಅನುಮಾನವಿರಲಿಲ್ಲ.

‘ಹಾಗಾದರೆ ಓಡಿ ಬಂದು ಮೈಸೂರು ಪಾಕು ತಿನ್ನಬಹುದಾ ಮೇಡಂ’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಇದೂ ಅದೇ ರೋಗದ ಇನ್ನೊಂದು ಮುಖ. ಊಟ ದಂಡವೂ ಅಲ್ಲ, ಲಂಚವೂ ಅಲ್ಲ. ಹಬ್ಬದ ದಿನ ಮೈಸೂರು ಪಾಕು ತಿನ್ನಪ್ಪ, ಅದಕ್ಕೆ ಓಡಬೇಕಾಗಿಲ್ಲ. ಓಡಿದ ದಿನ ಮೈಗೆ ಬೇಕಾದದ್ದು ಬೇರೆ ಇದೆ.

ವಾದ ಮಾಡಿದವರು ದಾರಿಯನ್ನೂ ಹೇಳಬೇಕು. ನಾನು ವೈದ್ಯಳಲ್ಲ. ಮೇಲೆ ಹೇಳಿದ ಲೆಕ್ಕಗಳಿಂದ ಒಬ್ಬ ವಿದ್ಯಾರ್ಥಿಗೆ ಎಷ್ಟು ಅರ್ಥವಾಗಬೇಕೋ ಅಷ್ಟನ್ನು ಹೇಳುತ್ತೇನೆ. ಅರ್ಧ ಮುಕ್ಕಾಲು ಗಂಟೆಯ ವಾಕಿಂಗಿಗೆ ಹೆಚ್ಚುವರಿ ಏನೂ ಬೇಡ, ಅದು ದಿನದ ಲೆಕ್ಕದಲ್ಲೇ ಕರಗಿಹೋಗುತ್ತದೆ. ಒಂದು ಗಂಟೆಗೆ ಮೀರಿ ಬೆವರು ಹರಿಸಿ ಆಡಿದರೆ, ಓಡಿದರೆ, ಗದ್ದೆಯಲ್ಲಿ ದುಡಿದರೆ, ಮತ್ತು ನಿಮ್ಮ ದಿನದ ಅಂಕಿ ಕೂತವರಿಗೆ ಹಾಕಿದ್ದಾದರೆ, ಮರಳಿ ಉಣ್ಣಿ. ಎಷ್ಟು? ಗಡಿಯಾರ ಹೇಳಿದ್ದರಲ್ಲಿ ಅರ್ಧ. ಅದು ಹೇಳುವ ಸುಳ್ಳಿಗೆ ಉಳಿದರ್ಧ ಹೋಗಲಿ. ಮುನ್ನೂರು ಎಂದರೆ ನೂರೈವತ್ತು: ಒಂದು ರಸಬಾಳೆಹಣ್ಣು, ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಒಂದು ಹಿಡಿ ಹೆಸರುಕಾಳಿನ ಉಸಲಿ. ಇಲ್ಲವೇ ಅರ್ಧ ಮುದ್ದೆ, ಮೇಲೆ ಕಾಳು ಬಿದ್ದ ಸಾರು. ಇದಕ್ಕೆ ಪೌಡರ್ ಡಬ್ಬಿ ಬೇಕಾಗಿಲ್ಲ.

ಆಮೇಲೆ ವಾರಕ್ಕೊಮ್ಮೆ ತಕ್ಕಡಿ ನೋಡಿ. ವಾರಕ್ಕೆ ಅರ್ಧ ಕಿಲೊದ ಆಸುಪಾಸು ಇಳಿಯುತ್ತಿದ್ದರೆ ಲೆಕ್ಕ ಸರಿ ಇದೆ. ವಾರ ವಾರವೂ ತೂಕದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತಿದ್ದರೆ ಹಿಗ್ಗಬೇಡಿ, ತಟ್ಟೆಗೆ ಇನ್ನಷ್ಟು ಬಡಿಸಿಕೊಳ್ಳಿ. ತಿಂಗಳುಗಟ್ಟಲೆ ಏನೂ ಇಳಿಯದಿದ್ದರೆ ಮರಳಿ ಉಣ್ಣುವುದನ್ನು ಕಡಿಮೆ ಮಾಡಿ. ಗಡಿಯಾರಕ್ಕಿಂತ ಈ ತಕ್ಕಡಿ ಪ್ರಾಮಾಣಿಕ. ಮುಟ್ಟು ತಪ್ಪಿದರೆ, ತಲೆ ಸುತ್ತಿದರೆ, ಕೂದಲು ಉದುರತೊಡಗಿದರೆ ಡಯೆಟ್ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ. ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ತಟ್ಟನೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ನಡೆದು ಬಂದು ಉಣ್ಣದಿರುವುದು ಅವರಿಗೆ ಜೀವಕ್ಕೇ ಕುತ್ತು ತಂದೀತು. ಅವರ ಲೆಕ್ಕವನ್ನು ಅವರ ಡಾಕ್ಟರೇ ಹಾಕಬೇಕು, ರೀಲ್ಸ್ ಅಲ್ಲ.

‘ಇಷ್ಟೆಲ್ಲ ಲೆಕ್ಕ ಜನಕ್ಕೆ ಅರ್ಥವಾಗುವುದಿಲ್ಲ, ಒಂದೇ ನಿಯಮ ಕೊಟ್ಟರೆ ಸುಲಭ’ ಎಂದು ಜಿಮ್ ನಡೆಸುವ ಪರಿಚಿತರೊಬ್ಬರು ನನಗೆ ಹೇಳಿದರು. ಸುಲಭ ಯಾರಿಗೆ? ಇಪ್ಪತ್ತು ಜನರಿಗೆ ಒಂದೇ ಚಾರ್ಟು ಜೆರಾಕ್ಸ್ ಮಾಡಿಸಿ ಹಂಚುವವರಿಗೆ. ಚೀಟಿ ಕಟ್ಟುವ, ಸ್ತ್ರೀಶಕ್ತಿ ಸಂಘದ ಬಡ್ಡಿಯನ್ನು ಪೈಸೆಗೆ ಪೈಸೆ ಬಾಯಲ್ಲೇ ಲೆಕ್ಕ ಹಾಕುವ ನಮ್ಮೂರಿನ ಹೆಂಗಸರಿಗೆ ಕೂಡಿ ಕಳೆಯುವುದು ಬಾರದು ಎಂದು ಯಾರು ಹೇಳಿದರು? ಅವರಿಂದ ಮುಚ್ಚಿಟ್ಟಿರುವುದು ಲೆಕ್ಕವನ್ನಲ್ಲ, ಲೆಕ್ಕದ ಮೊದಲ ಸಾಲನ್ನು: ಆ ಅಂಕಿ ಎಲ್ಲಿಂದ ಬಂತು ಎಂಬುದನ್ನು.

ವಿದ್ಯಾರ್ಥಿಗಳೇ, ಪದ್ಯವೊಂದನ್ನು ಓದುವಾಗ ಇದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ಕೇಳಬೇಕೆಂದು ನಿಮಗೆ ಕಲಿಸುತ್ತೇವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇದೆ. ನಿಮ್ಮ ತಟ್ಟೆಯ ಮೇಲೆ ಬರೆದಿರುವ ಅಂಕಿಗೂ ಅದೇ ಪ್ರಶ್ನೆ ಹಾಕಿ. ‘ತಿನ್ನಬೇಡ’ ಎಂದವರು ಯಾರು? ಯಾರ ಮೈಯನ್ನು ನೋಡಿ ಹೇಳಿದರು? ನೀವು ಬೆಳಗಿನಿಂದ ಏನೇನು ಮಾಡಿದ್ದೀರಿ ಎಂಬುದು ಅವರಿಗೆ ಗೊತ್ತೇ? ಇದಕ್ಕೆ ಉತ್ತರವಿಲ್ಲದ ಚಾರ್ಟನ್ನು ಮಡಿಸಿ ಪಕ್ಕಕ್ಕಿಟ್ಟು ಡಬ್ಬಿ ತೆರೆಯಿರಿ. ಊಟದ ಗಂಟೆ ಹೊಡೆದು ಆಗಲೇ ಹತ್ತು ನಿಮಿಷವಾಯಿತು.